ಮಿಕ್ಸಿಗೆ ಮೂರು ಸುತ್ತು

ಮಧುಗಿರಿಯಿಂದ ಬೀದರಿಗೆ ನನಗೆ ವರ್ಗವಾದಾಗ, ಲವ್ ಬರ್ಡ್ಸ್ ಪಂಜರವನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದವಳು ಅಮ್ಮ. "ಹಕ್ಕಿ ತಲುಪಿಸ್ಬುಟ್ಟು ನಾಳೇನೇ ಮಿಡಿಗೇಶಿಗೆ ಹೊಂಟೋಯ್ತೀನಿ ಕಣ್ಲಾ" ಎಂದು ದಾರಿಯಲ್ಲೆಲ್ಲ ತನ್ನೂರಿನದೇ ರಾಗ.

ನಮ್ಮ ಕಡೆ ಹೊಸದಾಗಿ ತಂದ ಕೋಳಿ, ಬೆಕ್ಕುಗಳನ್ನು ಒರಳುಕಲ್ಲಿಗೆ ಮೂರು ಸುತ್ತು ಹಾಕಿಸುತ್ತಾರೆ. ಆಮೇಲೆ ಅವು ಹಳೆಯ ಮನೆಗೆ ಓಡಿಹೋಗುವುದಿಲ್ಲವಂತೆ. ಬೀದರಿನ ಬಾಡಿಗೆ ಮನೆಯಲ್ಲಿ ಒರಳೆಲ್ಲಿ? ಅಮ್ಮ ಮಿಕ್ಸಿಯನ್ನೇ ತಂದು ನಡುಮನೆಯಲ್ಲಿಟ್ಟಳು.

"ಪಂಜರದಾಗಿರೋವು ಎಲ್ಲಿಗಮ್ಮ ಓಡೋಯ್ತವೆ?" ಎಂದು ರೇಗಿದೆ.

"ಸುಮ್ಕಿರ್ಲಾ, ನಿಂಗೇನು ಗೊತ್ತು!" ಎನ್ನುತ್ತಾ ಪಂಜರ ಎತ್ತಿಕೊಂಡು ಮಿಕ್ಸಿಯನ್ನು ಮೂರು ಸಲ ಸುತ್ತಿದಳು.

ಹಕ್ಕಿಗಳು ಅಂದು ಸಂಜೆಯೇ ಚಿಲಿಪಿಲಿ ಶುರುಮಾಡಿದವು. ಅವುಗಳ ಜೊತೆ ತಾನೂ ಸುತ್ತಿದ ಅಮ್ಮ, ಯುಗಾದಿ ಕಳೆದರೂ ಊರಿನ ಮಾತೆತ್ತಿಲ್ಲ.