ಹುಳುಮನೆಗೆ ಕಂಪ್ಯೂಟರ್ ಕಟ್ಟಿದ್ದು

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದವಳು ನನ್ನ ಹೆಂಡತಿ. ನಾನು ಹೆಸರಿಗೆ ಯಜಮಾನ. ಮೈಸೂರು ರಸ್ತೆಯ ಪಕ್ಕ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ತೋಟದಿಂದ ಸೊಪ್ಪು ತಂದು ಹಾಕಿದರೆ ನನ್ನ ಪಾಲಿನ ಕೆಲಸ ಮುಗಿಯಿತು. ಹುಳು ಇರುವಷ್ಟು ದಿನ ಅವಳು ಮಾತ್ರ ಊರು ದಾಟುವಂತಿಲ್ಲ. ಕಬ್ಬಾಳಿನ ತವರಲ್ಲಿ ಅವಳು ಒಂದು ರಾತ್ರಿ ಉಳಿದು ವರ್ಷಗಳಾಗಿದ್ದವು.

"ನಮ್ಮವ್ವನ ಮನೇಲಿ ಎರಡು ದಿನ ಕಾಲು ಚಾಚ್ಕೊಂಡು ಮಲಗ್ಬೇಕು ಅಂತ ಆಸೆ ಕಣ್ರೀ" ಅಂದಳು ಒಂದು ದಿನ. ಅವಳನ್ನು ಕಳಿಸಲೇಬೇಕು ಅನ್ನಿಸಿತು. ಜೊತೆಗೆ, ಸುಳ್ಳೇಕೆ, ಒಂದು ನೆಪವೂ ಸಿಕ್ಕಿತು.

ಆಗ ನನಗೆ ಕಂಪ್ಯೂಟರ್ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಲಿನಕ್ಸಿನ ಹುಚ್ಚು. ಕಾರ್ಖಾನೆಯವರು ಗುಜರಿಗೆ ಹಾಕಿದ್ದ ಕಂಪ್ಯೂಟರನ್ನು ಕೇಳಿ ತಂದು, ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಅದಕ್ಕೆ ಜೀವ ಬರಿಸಿದ್ದೆ. ಯಾವುದೋ ದೇಶದ ಪುಣ್ಯಾತ್ಮನೊಬ್ಬ ಹೂಗಿಡ ಬೆಳೆಸುವ ಗಾಜಿನ ಮನೆಗೆಂದು ಗಾಳಿಯ ತೇವ ಕಾಯುವ ಪ್ರೋಗ್ರಾಂ ಬರೆದು, ಯಾರು ಬೇಕಾದರೂ ತಿದ್ದಿಕೊಳ್ಳಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದ. ರಾಮನಗರದ ಸೈಬರ್ ಕೆಫೆಯಲ್ಲಿ ಅದನ್ನು ಇಳಿಸಿಕೊಂಡೆ. ಪ್ರಿಂಟರ್ ಸಿಕ್ಕಿಸುವ ಜಾಗದಿಂದ ಪಂಪಿಗೂ ತೇವ ಅಳೆಯುವ ಸೆನ್ಸರಿಗೂ ವೈರು ಎಳೆದೆ. ಹುಳುಮನೆಯ ಗಾಳಿ ಒಣಗಿದರೆ ಚಿಕ್ಕ ಪಂಪು ತಾನೇ ಓಡಿ, ಕಿಟಕಿಗೆ ಕಟ್ಟಿದ ಗೋಣಿಚೀಲಗಳನ್ನು ನೆನೆಸಬೇಕು. ಅದುವರೆಗೆ ಅವಳು ಚೊಂಬು ಹಿಡಿದು ಮಾಡುತ್ತಿದ್ದ ಕೆಲಸ ಅದು. ಪಂಪು ಮೊದಲ ಸಲ ತಾನಾಗಿ ಓಡಿದಾಗ ನಾನು ಕುಣಿದದ್ದನ್ನು ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

"ಹೋಗ್ ಬಾ, ನಾನಿದೀನಿ, ಮಿಷನ್ ಐತೆ" ಅಂದೆ. ಅವಳು ಅರೆಮನಸ್ಸಿನಿಂದ ಕನಕಪುರದ ಬಸ್ಸು ಹತ್ತಿದಳು.

ನಾನು ರಜೆ ಹಾಕಿ ಕಂಪ್ಯೂಟರಿನ ಮುಂದೆ ಕೂತೆ. ತೇವ ತೋರಿಸುವ ಗೆರೆ ಒಂದಿಷ್ಟೂ ಅಲುಗಲಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕಿದೆ. ಹುಳುಗಳು ತಿನ್ನದೆ ತಲೆ ಎತ್ತಿಕೊಂಡು ಕೂತಿದ್ದವು. ಹೊಟ್ಟೆ ತುಂಬಿರಬೇಕು ಅಂದುಕೊಂಡು ಮತ್ತೆ ಗೆರೆ ನೋಡಿದೆ, ದಡ್ಡ ಶಿಖಾಮಣಿ.

ಅವಳಿಗೆ ಮನಸ್ಸು ತಡೆಯಲಿಲ್ಲ. ಮಾರನೇ ದಿನ ಬೆಳಗ್ಗೆಯೇ ವಾಪಸ್ಸು ಬಂದವಳು ಕೈಕಾಲು ತೊಳೆದು ಒಳಗೆ ಹೋಗಿ ಹುಳುಗಳಿದ್ದ ತಟ್ಟೆಯ ಮೇಲೆ ಅಂಗೈ ಇಟ್ಟಳು.

"ಏನ್ರೀ ಇದು? ಹುಳ ಜ್ವರಕ್ಕೆ ಕೂತವೆ, ನೀವು ನೀರು ಬುಡ್ತಾನೇ ಇದೀರಲ್ಲ!"

ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಒಂದು ದಿನ ಅಲ್ಲಾಡದೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಗಾಳಿ ಒಣಗಿರಬೇಕು. ಮದುವೆಯಾದಾಗಿನಿಂದ ಆ ಮಾತು ಕೇಳಿದ್ದೆ, ಒಮ್ಮೆಯೂ ಹತ್ತಿರ ನಿಂತು ನೋಡಿರಲಿಲ್ಲ. ಹೂಗಿಡಕ್ಕೆ ಆ ಕಾಟವಿಲ್ಲದ್ದರಿಂದ ಪುಣ್ಯಾತ್ಮನ ಪ್ರೋಗ್ರಾಮಿಗೂ ಅದು ಗೊತ್ತಿರಲಿಲ್ಲ.

ಅವಳು ಒದ್ದೆ ಚೀಲ ಕಿತ್ತೆಸೆದು, ಕಿಟಕಿ ತೆರೆದು, ತೇವ ಹೀರಲೆಂದು ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಿದಳು. ಎರಡು ತಟ್ಟೆ ಹುಳು ಹೋದವು. ಉಳಿದವುಗಳಲ್ಲಿ ಕೆಲವು ಜ್ವರದಿಂದ ಬೇಗ ಎದ್ದವು, ಕೆಲವು ಇನ್ನೂ ಎದ್ದಿರಲಿಲ್ಲ. "ಅರ್ಧ ಜನ ಊಟಕ್ಕೆ ಕೂತವ್ರೆ, ಅರ್ಧ ಜನ ಇನ್ನೂ ಮಲಗವ್ರೆ. ಚೆನ್ನಾಗೈತೆ ನಿಮ್ ಸಂಸಾರ" ಎಂದು ನಕ್ಕಳು. ನನಗೆ ಮಾತ್ರ ನಾಚಿಕೆಯಾಯಿತು. ಹುಳು ಹೋದದ್ದಕ್ಕಿಂತ ಅವಳ ಎರಡು ದಿನ ಹೋಯಿತಲ್ಲ ಎಂದು ಹೆಚ್ಚು ಬೇಜಾರಾಯಿತು.

ಹುಳುಮನೆಯ ಬಾಗಿಲ ಪಕ್ಕ ಒಂದು ಕಾಲಿಂಗ್ ಬೆಲ್ ಬಟನ್ ಕೂರಿಸಿದೆ. ಒತ್ತಿದರೆ ಪಂಪು ನಿಂತು, ಗಾಳಿ ಒಣಗಿಸಲು ಹೊಸದಾಗಿ ಹಾಕಿದ ಫ್ಯಾನ್ ತಿರುಗಬೇಕು. ಯಾವಾಗ ಒತ್ತಬೇಕು ಎಂದು ಅವಳು ದಿನಾ ತಟ್ಟೆಯ ಮುಂದೆ ನಿಲ್ಲಿಸಿ ಕಲಿಸಿದಳು. ತಿದ್ದಿದ ಪ್ರೋಗ್ರಾಮನ್ನು ಪುಣ್ಯಾತ್ಮನಿಗೂ ಕಳಿಸಿದೆ. ಈ ಬಟನ್ ಯಾಕೆ ಅಂತ ಕೇಳಿದ. ಅಷ್ಟೆಲ್ಲ ವಿವರಿಸುವ ಇಂಗ್ಲಿಷ್ ನನ್ನ ಹತ್ತಿರ ಇರಲಿಲ್ಲ.

ಮುಂದಿನ ಹುಳುವಿನ ಬೆಳೆಗೆ ಅವಳನ್ನು ಮತ್ತೆ ಬಸ್ಸು ಹತ್ತಿಸಿದೆ. ಮಾರನೇ ಸಂಜೆ ಕಬ್ಬಾಳಿನ ಅಂಗಡಿಯ ಕಾಯಿನ್ ಫೋನಿನಿಂದ ಫೋನ್ ಮಾಡಿದಳು.

"ಗೆರೆ ನೆಟ್ಟಗೈತೆ" ಅಂದೆ.

"ಗೆರೆ ಕಟ್ಕೊಂಡು ನಂಗೇನಾಗ್ಬೇಕು? ಹುಳ ಏನ್ ಮಾಡ್ತಾವೆ ಹೇಳಿ."

"ಮಧ್ಯಾಹ್ನದಿಂದ ಸೊಪ್ಪಿಗೆ ಬಾಯಿ ಹಾಕಿಲ್ಲ. ಎಲ್ಲಾ ತಲೆ ಎತ್ತವೆ, ಮೈ ಮಿರಮಿರ ಅಂತೈತೆ. ಬಟನ್ ಒತ್ತಿದೀನಿ. ಸುಣ್ಣಾನೂ ಉದುರಿಸಿದೀನಿ."

ಕಾಯಿನ್ ಮುಗಿಯುವ ಪೀಂ ಪೀಂ ಶುರುವಾಯಿತು.

"ಹಂಗಾದ್ರೆ ಇನ್ನೆರಡು ದಿನ ಇದ್ದು ಬತ್ತೀನಿ" ಅಂದಳು.