ಮೂಲೆಯಲ್ಲಿದ್ದ ರೀಸೆಟ್ ಬಟನ್

ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದೇವೆ ಎಂದು ಹೇಳಿದ ಬಾಯಲ್ಲೇ ಮ್ಯಾನೇಜರು ಇನ್ನೊಂದು ಮಾತನ್ನೂ ಹೇಳಿದರು. ಹೋಗುವ ಮುಂಚೆ ಕೋಡ್ ಬರೆಯುವ ಡೆವಲಪರುಗಳಿಗೆಲ್ಲ ನಾನು ಸ್ಕ್ರೀನಿನ ಡಿಸೈನ್ ಕಲಿಸಿಕೊಟ್ಟು ಹೋಗಬೇಕಂತೆ. ನಮ್ಮ ದಂಧೆಯಲ್ಲಿ ಇದಕ್ಕೆ ‘ಕೇಟಿ’ ಎನ್ನುತ್ತಾರೆ. ಹೋಗುವವರು ತಮ್ಮ ವಿದ್ಯೆಯನ್ನು ಇರುವವರ ಕೈಗೆ ಒಪ್ಪಿಸಬೇಕು, ಅವರಿಗೆ ಅದು ಬಂತು ಎಂದು ಖಾತ್ರಿಯಾದ ಮೇಲೆ ಮನೆಯ ದಾರಿ ಹಿಡಿಯಬೇಕು. ನಾಸಿಕದ ಆ ಆಫೀಸಿನಲ್ಲಿ ಎಷ್ಟೋ ಜನರ ಕೇಟಿ ನೋಡಿದ್ದೆ, ಅವರ ಬೀಳ್ಕೊಡುಗೆಯ ಕೇಕನ್ನೂ ತಿಂದಿದ್ದೆ. ನನ್ನ ಪಾಳಿ ಬಂದಾಗ ಮೈಯೆಲ್ಲ ಉರಿದುಹೋಯಿತು.

“ಈಗ ಸ್ಕ್ರೀನ್ ಬಿಡಿಸೋ ಟೂಲೇ ಬಂದಿದೆ ಮ್ಯಾಡಮ್. ಡೆವಲಪರಿಗೆ ಸ್ವಲ್ಪ ಡಿಸೈನ್ ತಿಳಿದರೆ ಸಾಕು” ಎಂದು ಅವರು ಹಿಂದಿಯಲ್ಲಿ ಹೇಳಿದರು. ನನ್ನ ಮುಖ ನೋಡಿ ಏನನ್ನಿಸಿತೋ, ದನಿ ತಗ್ಗಿಸಿದರು. “ಕೇಟಿ ಚೆನ್ನಾಗಿ ಆಗಲಿ. ಚಿಕಲಠಾಣಾದ ಕಾರ್ಖಾನೆಯ ಕ್ಲೈಂಟು ಖುಷಿಯಾದರೆ, ನಿಮ್ಮನ್ನು ಇಟ್ಟುಕೊಳ್ಳೋಕೆ ಆಗುತ್ತಾ ಅಂತ ಮೇಲಿನವರ ಹತ್ತಿರ ಒಂದು ಮಾತು ಹಾಕ್ತೀನಿ.”

ಆ ಒಂದು ಮಾತಿಗೆ ಜೋತುಬಿದ್ದೆ. ಬೀಳದೆ ಏನು ಮಾಡಲಿ? ಸಾತಪುರದ ಕಾರ್ಖಾನೆಯಲ್ಲಿ ನನ್ನ ಗಂಡ ದುಡಿಯುತ್ತಿದ್ದ ಲೈನನ್ನು ಹಿಂದಿನ ವರ್ಷವೇ ಮುಚ್ಚಿದ್ದರು. ಅಂದಿನಿಂದ ಅವರು ಮನೆಯಲ್ಲಿದ್ದರು. ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಬೀದಿಯಲ್ಲಿ ಬೈಕುಗಳ ಸದ್ದು ಕೇಳಿದರೆ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದರು. ಮನೆಯಲ್ಲಿ ಉಳಿದದ್ದು ನನ್ನದೊಂದೇ ಕೆಲಸ. ನಲವತ್ತು ದಾಟಿದ ಡಿಸೈನರಿಗೆ ನಾಸಿಕದಲ್ಲಿ ಇನ್ನೊಂದು ಕೆಲಸ ಯಾರು ಎತ್ತಿಟ್ಟಿರುತ್ತಾರೆ?

ಡೆವಲಪರುಗಳು ಕೆಟ್ಟವರೇನಲ್ಲ. ಆದರೆ ಅವರ ಲೆಕ್ಕದಲ್ಲಿ ಡಿಸೈನರ್ ಎಂದರೆ ಎಲ್ಲ ಮುಗಿದ ಮೇಲೆ ಬಂದು ಬಣ್ಣ ಹಚ್ಚುವವಳು. ಮೊದಲ ದಿನ ಅವರೇ ಮಾಡಿದ ಒಂದು ಸ್ಕ್ರೀನನ್ನು ಗೋಡೆಯ ಮೇಲೆ ತೋರಿಸಿ, “ಇದರಲ್ಲಿ ಮೊದಲು ಏನು ಕಾಣುತ್ತೆ?” ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲ ಅಕ್ಷರವೂ ದಪ್ಪ, ಎಲ್ಲ ಬಟನ್ನೂ ಕೆಂಪು. ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳುವುದಿಲ್ಲವಲ್ಲ, ಹಾಗೆಯೇ ಇದು ಎಂದೆ. ಖಾಲಿ ಜಾಗ ದಂಡವಲ್ಲ, ಯಾವುದು ಯಾವುದರ ಜೊತೆಗಿನದು ಎಂದು ತಿಳಿಸುವುದೇ ಅದು ಎಂದೆ. ಹಿಂದಿನ ಸಾಲಿನವರು ಆಕಳಿಸಿದರು.

ಅವರಲ್ಲಿ ಹಿರಿಯ ಡೆವಲಪರ್ ಒಬ್ಬನಿದ್ದ. ಕರಾವಳಿಯಿಂದ ಬಂದು ನಾಸಿಕದಲ್ಲಿ ವೆಜ್ ಹೋಟೆಲ್ ನಡೆಸುವವರ ಮಗ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡ ಅರ್ಥವಾಗುವಷ್ಟು ಮಾತಾಡಲು ಬಾರದು. ನನ್ನನ್ನು ಅಕ್ಕ ಎನ್ನುತ್ತಿದ್ದ, ಅಕ್ಕ ಎನ್ನುತ್ತಲೇ ಕಾಲೆಳೆಯುತ್ತಿದ್ದ.

“ಅಕ್ಕ, ಎರಡು ಪಿಕ್ಸೆಲ್ ಆಚೆ ಈಚೆ ಆದ್ರೆ ಕಾಯ್ ಫರಕ್ ಪಡ್ತೋ?” ಏನು ವ್ಯತ್ಯಾಸವಾಗುತ್ತದೆ ಎಂದು ಮರಾಠಿ ಬೆರೆಸಿ ಕೇಳಿ ಎಲ್ಲರನ್ನೂ ನಗಿಸಿದ.

“ಫರಕು ನಿನಗೇನೂ ಆಗಂಗಿಲ್ಲಪಾ ಮಹಾರಾಯ. ದಿನಾ ಅದನ್ನ ಒತ್ತವ್ರಿಗೆ ಆಗ್ತದ” ಎಂದೆ. ನನ್ನ ಸಿಟ್ಟು ಅವನಿಗೂ ಗೊತ್ತಾಯಿತು, ನಗು ನಿಲ್ಲಿಸಿದ.

ಹೊಸ ಸ್ಕ್ರೀನು ಬೇಕಾಗಿದ್ದದ್ದು ಸಂಭಾಜಿನಗರದ ಚಿಕಲಠಾಣಾದಲ್ಲಿರುವ ಒಂದು ಕಾರ್ಖಾನೆಯ ಮಿಷನ್ನಿಗೆ. ಅದನ್ನು ಮಾಡುವವನು ಇವನೇ. ಮ್ಯಾನೇಜರಿಗೆ ದುಂಬಾಲು ಬಿದ್ದು ಅವನನ್ನು ಅಲ್ಲಿಗೆ ಕರೆದುಕೊಂಡು ಹೊರಟೆ. ಯೇವಲಾ, ವೈಜಾಪುರ ದಾಟುವವರೆಗೂ ಅವನು ಗೊಣಗುತ್ತಲೇ ಇದ್ದ. ಕೂತು ಬಿಡಿಸಿದರೆ ಸ್ಕ್ರೀನು ಬರುವುದಿಲ್ಲ, ನಿಂತು ನೋಡಿದರೆ ಬರುತ್ತದೆ ಎಂದು ನಾನೂ ಗೊಣಗಿದೆ.

ಆ ಮಿಷನ್ನಿನ ಮುಂದೆ ಇಬ್ಬರು ಹೆಂಗಸರು ಕೆಲಸ ಮಾಡುತ್ತಿದ್ದರು. ಒಬ್ಬಳು ಸ್ಕ್ರೀನಿನ ಹತ್ತಿರ. ಇನ್ನೊಬ್ಬಳು ಸಿಕ್ಕಿಕೊಂಡ ತುಂಡುಗಳನ್ನು ಒಳಗೆ ಕೈ ಹಾಕಿ ತೆಗೆಯುವವಳು. ಬಾಗಿಲು ತೆರೆದಿದ್ದಾಗ ಮಿಷನ್ ತಿರುಗಬಾರದು ಎಂಬ ಏರ್ಪಾಡೇನೋ ಇತ್ತು, ಆದರೆ ಕೆಲಸ ನಿಧಾನವಾಗುತ್ತದೆಂದು ಅದನ್ನು ಯಾರೋ ತಂತಿ ಸುತ್ತಿ ಕಟ್ಟಿಹಾಕಿದ್ದರು. ಸ್ಕ್ರೀನು ಕಬ್ಬಿಣದ ತೋಳಿಗೆ ನೇತಾಡುತ್ತಿತ್ತು. ಮೊದಲಿನವಳು ಪ್ರತಿ ಸಲವೂ ಅದರ ಕೆಳಗಿನ ಬಲಮೂಲೆ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಎಳೆದಾಗ ಕೈಗವಸಿನ ಹೆಬ್ಬೆರಳು ಗಾಜಿನ ಮೇಲೆ ಅಮರಿ ಕೂಡುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅವನು ಆ ಹೊತ್ತಿಗೆ ಫೋನು ಬಂತೆಂದು ಹೊರಗೆ ಹೋಗಿದ್ದ.

ಮಧ್ಯಾಹ್ನ ಊಟಕ್ಕೆ ನನ್ನ ತವರಿಗೆ ಹೋದೆವು. ಅಪ್ಪನ ಬ್ಯಾಂಕಿನ ವರ್ಗಾವಣೆ ನಮ್ಮನ್ನು ವಿಜಯಪುರದಿಂದ ತಂದು ಈ ಊರಿಗೆ ಹಾಕಿತ್ತು. ಅವ್ವ ಈಗಲೂ ಅಣ್ಣನ ಸಂಸಾರದ ಜೊತೆ ಅಲ್ಲೇ ಇದ್ದಾಳೆ. ತಟ್ಟೆಯ ಎಡಕ್ಕೆ ಉಪ್ಪು, ಉಪ್ಪಿನಕಾಯಿ, ಶೇಂಗಾ ಚಟ್ನಿ. ಬಲಕ್ಕೆ ಬದನೆಕಾಯಿ ಪಲ್ಯ. ನಡುವೆ ರೊಟ್ಟಿ. “ಉಣ್ಣಪಾ, ನಾಚಬ್ಯಾಡ, ನಿಮ್ಮ ಹೋಟೆಲಿನಷ್ಟು ರುಚಿ ಇರಲಿಕ್ಕಿಲ್ಲ” ಎನ್ನುತ್ತ ಅವ್ವ ಅವನ ತಟ್ಟೆಗೆ ಕೇಳದೆಯೇ ಬೆಣ್ಣೆ ಹಾಕಿದಳು.

“ನಿಮ್ಮ ಹೋಟೆಲಿನಾಗ ಚಟ್ನಿ ಬಟ್ಟಲಾ ನಡುವ ಇಟ್ಟು, ಇಡ್ಲಿ ಮೂಲಿಗೆ ತಳ್ಳಿದ್ರ ನಿಮ್ಮಪ್ಪ ಏನಂತಾರ?” ಎಂದು ಕೇಳಿದೆ.

“ವೇಟರಿಗೆ ಬೈತಾರೆ.”

“ಯಾಕ? ಹೊಟ್ಟಿಗೆ ಹೋಗೂದು ಅದೇ ಇಡ್ಲಿ, ಅದೇ ಚಟ್ನಿ. ಕಾಯ್ ಫರಕ್ ಪಡ್ತೋ?”

ಅವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ತಟ್ಟೆಯನ್ನು ಸುಮ್ಮನೆ ನೋಡಿದ. ಯಾವುದಕ್ಕೆ ಕೈ ಪದೇ ಪದೇ ಹೋಗುತ್ತದೆ, ಯಾವುದು ನಂಜಿಕೊಳ್ಳಲಷ್ಟೇ ಬೇಕು, ಯಾವುದು ಯಾವುದಕ್ಕೆ ತಾಗಬಾರದು, ಎಲ್ಲ ಅಲ್ಲೇ ಇತ್ತು. “ಅರೆ ದೇವಾ! ಇಷ್ಟು ದಿನ ನೀವು ಇದನ್ನೇ ಹೇಳ್ತಾ ಇದ್ದದ್ದಾ ಅಕ್ಕ?” ಎಂದ. ನನಗೆ ಅಳು ಬರುವುದೊಂದು ಬಾಕಿ. ಇಷ್ಟು ವರ್ಷದಲ್ಲಿ ಒಬ್ಬ ಡೆವಲಪರ್ ನನ್ನ ಕೆಲಸ ಏನೆಂದು ಅರ್ಥ ಮಾಡಿಕೊಂಡಿದ್ದ.

ಹೊರಡುವಾಗ ಅವನು ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಅವಳ ಎದುರಿಗೇ ಹೇಳಿದ. “ಅಕ್ಕ ಇಲ್ಲದಿದ್ರೆ ಈ ಕೆಲಸ ಆಗುದಿಲ್ಲ. ಕ್ಲೈಂಟ್ ಮೀಟಿಂಗಲ್ಲಿ ನಾನೇ ಹೇಳ್ತೇನೆ, ನಿಮ್ಮಾಣೆ.”

ಅಲ್ಲಿಂದಾಚೆ ಅವನು ಕಲಿತದ್ದನ್ನು ನೋಡಬೇಕಿತ್ತು. ಮೀಟಿಂಗಿನ ಹಿಂದಿನ ಸಂಜೆ ಸ್ಕ್ರೀನು ತಂದು ತೋರಿಸಿದ. ಮುಖ್ಯವಾದದ್ದು ದೊಡ್ಡದಾಗಿತ್ತು, ಕೆಂಪು ಬಣ್ಣ ಅಪಾಯಕ್ಕೆ ಮಾತ್ರ ಮೀಸಲಾಗಿತ್ತು, ಅಕ್ಷರಗಳಿಗೆ ಉಸಿರಾಡಲು ಜಾಗವಿತ್ತು. ಒಂದೇ ಒಂದು ತಪ್ಪು. ರೀಸೆಟ್ ಬಟನ್ನನ್ನು ಅಂದವಾಗಿ ಕೆಳಗಿನ ಬಲಮೂಲೆಯಲ್ಲಿಟ್ಟಿದ್ದ. ಅದನ್ನು ಒತ್ತಿದರೆ ಮಿಷನ್ನಿನ ಒಳತೋಳು ಒಮ್ಮೆ ಮೊದಲಿನ ಜಾಗಕ್ಕೆ ಹೊರಳುತ್ತದೆ. ಆ ಹೆಂಗಸಿನ ಹೆಬ್ಬೆರಳು ಕಣ್ಣ ಮುಂದೆ ಬಂತು. ಒಳಗೆ ಕೈ ಹಾಕುವವಳ ಮೊಣಕೈಯೂ ಬಂತು.

ಆದರೆ ಬಾಯಿ ತೆರೆಯಲಿಲ್ಲ. “ನಾಳೆ ನೋಡೂಣು” ಎಂದು ಮನೆಗೆ ಬಂದೆ.

ಗಂಡನಿಗೆ ಎಲ್ಲ ಹೇಳಿದೆ. ಅವರು ಚಹದ ಕಪ್ಪು ಕೆಳಗಿಟ್ಟು, “ಹೇಳಬ್ಯಾಡ. ಬಾಯಿಗೆ ಬೀಗ ಹಾಕ್ಕೊಂಡು ಕೂಡು” ಎಂದರು. “ಕಾರ್ಖಾನೆಯವರ ಕಣ್ಣಿಗೇ ಬೀಳ್ತದ. ಆವಾಗ ಡಿಸೈನರ್ ಎಲ್ಲಿ ಅಂತ ಕೇಳ್ತಾರ, ನಿನ್ನನ್ನ ಇಟ್ಕೋತಾರ.”

“ಬೀಳಲಿಲ್ಲಂದ್ರ?”

ಅವರು ಮಿಷನ್ನುಗಳ ನಡುವೆಯೇ ಆಯುಷ್ಯ ಕಳೆದವರು. ಎದ್ದು ಹೋಗಿ ಕಪ್ಪು ತೊಳೆದಿಟ್ಟರು.

ಬೆಳಿಗ್ಗೆ ಆಫೀಸಿಗೆ ಹೋದವಳೇ ಅವನನ್ನು ಕರೆದು ಹೇಳಿಬಿಟ್ಟೆ. ಇದು ದೊಡ್ಡಗುಣವಲ್ಲ, ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಕಂಡ ತಪ್ಪನ್ನು ಕಂಡಹಾಗೆ ಬಿಡಲಾಗದ ರೋಗ ನನಗೆ, ಆ ರೋಗದ ಮೇಲೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ನನ್ನ ನೌಕರಿ ಉಳಿಯಲೆಂದು ಯಾರದೋ ಕೈ ಹೋಗುವುದು ಬೇಡವಾಗಿತ್ತು. ಅವನು ಬಿಳಚಿಕೊಂಡ, ಬಟನ್ನನ್ನು ಮೇಲಕ್ಕೆ, ನಡುವಿನ ಜಾಗಕ್ಕೆ ಸರಿಸಿದ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಮೀಟಿಂಗಿನಲ್ಲಿ ಚಿಕಲಠಾಣಾದಿಂದ ಬಂದ ಸಾಹೇಬರು, ಮೇಜಿನ ಮೇಲೆ ಮಾದರಿಗೆಂದು ಇಟ್ಟಿದ್ದ ಆ ಸ್ಕ್ರೀನಿನ ಮೂಲೆ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು, ಥೇಟು ಆ ಹೆಂಗಸಿನ ಹಾಗೆಯೇ. ಹೆಬ್ಬೆರಳಿನ ಕೆಳಗೆ ಏನೂ ಇರಲಿಲ್ಲ. ಅವರು ಹುಬ್ಬೇರಿಸಿ, “ಬೇರೊಂದು ಮಿಷನ್ನಿನ ಸ್ಕ್ರೀನಿನಲ್ಲಿ ಇದೇ ಮೂಲೆಯ ಬಟನ್ನು ನಮ್ಮ ಜೀವ ತಿಂದಿತ್ತು. ಈ ಮೂಲೆಯನ್ನು ಖಾಲಿ ಬಿಡಬೇಕು ಅಂತ ಹೊಳೆದದ್ದು ಯಾರಿಗೆ?” ಎಂದು ಮರಾಠಿಯಲ್ಲಿ ಕೇಳಿದರು.

ಅವನು ನನ್ನ ಕಡೆ ನೋಡಿದ. ನಾನು ಕಾದೆ. ಆಮೇಲೆ ಅವನು ಮ್ಯಾನೇಜರ ಕಡೆ ನೋಡಿದ.

“ಮೀ” ಎಂದ. “ಮೀಚ್ ಕೇಲಂ, ಸರ್.” ನಾನೇ, ನಾನೇ ಮಾಡಿದ್ದು.

ಮ್ಯಾನೇಜರು ಅವನ ಬೆನ್ನು ತಟ್ಟಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. “ನೋಡಿದಿರಾ ಮ್ಯಾಡಮ್? ಡೆವಲಪರೇ ಡಿಸೈನರ್ ಥರ ಯೋಚನೆ ಮಾಡೋಕೆ ಶುರು ಮಾಡಿದ. ನಿಮ್ಮ ಕೇಟಿ ಪೂರ್ತಿಯಾಯಿತು.” ಮೇಲಿನವರ ಹತ್ತಿರ ಹಾಕಬೇಕಿದ್ದ ಒಂದು ಮಾತಿನ ಸುದ್ದಿಯೇ ಬರಲಿಲ್ಲ. ಇನ್ನು ಅದು ಹೊಳೆದದ್ದು ನನಗೆ ಎಂದು ಆ ಸಾಹೇಬರ ಮುಂದೆ ಜಗಳಕ್ಕೆ ನಿಂತರೆ, ಹೊಟ್ಟೆಕಿಚ್ಚಿನವಳು ಅನ್ನಿಸಿಕೊಳ್ಳುವುದಷ್ಟೇ ಉಳಿದಿತ್ತು.

ಮೆಟ್ಟಿಲ ಹತ್ತಿರ ಅವನು ಓಡಿಬಂದ. “ಅಕ್ಕ, ಡೆವಲಪರಲ್ಲೂ ಒಬ್ಬನನ್ನು ತೆಗೀತಾರಂತೆ. ನನ್ನ ಹೆಸರೇ ಉಂಟಂತೆ. ಹೋಟೆಲ್ ಕೂಡ ಈಗ ನಡೀತಿಲ್ಲ ಅಕ್ಕ.” ಕಣ್ಣಲ್ಲಿ ನೀರಿತ್ತು. ನನಗೆ ಕರುಣೆ ಬರಲಿಲ್ಲ. ಉಂಡದ್ದು ಅರಗದೇ ಹೋಗಲಿ ಎಂದು ಶಾಪ ಹಾಕಬೇಕೆನಿಸಿತು. “ಹೋಗು, ನಿನ್ನ ಕೆಲಸ ನೋಡಿಕೋ ಹೋಗು” ಎಂದೆ.

ಆ ಸಂಜೆ ಅವ್ವನ ಫೋನು ಬಂತು. ನನ್ನ ಕೆಲಸ ಹೋದದ್ದನ್ನು ಗಂಡ ಆಗಲೇ ಅಣ್ಣನಿಗೆ ತಿಳಿಸಿದ್ದರು. ಅವ್ವ ಕೇಳಿದ್ದು ಬೇರೆಯದನ್ನೇ.

“ಆ ಹುಡುಗ ಮೀಟಿಂಗಿನಾಗ ನಿನ್ನ ಹೆಸರು ಹೇಳಿದ್ನಿಲ್ಲ?”

ತನ್ನ ಕೈಯಾರೆ ಬೆಣ್ಣೆ ಹಾಕಿ ಉಣಿಸಿದವಳಿಗೆ ಏನು ಹೇಳಲಿ? “ಹೇಳಿದ್ನವಾ” ಎಂದೆ.

“ನನಗ ಗೊತ್ತಿತ್ತು. ಉಂಡ ಮನಿ ಮರಿಯೂ ಹುಡುಗ ಅಲ್ಲ ಅಂವಾ” ಎಂದಳು ಅವ್ವ, ಸಮಾಧಾನದಿಂದ. “ಅಲ್ಲ, ಅಂವಾ ಅಷ್ಟು ಹೇಳಿದ ಮ್ಯಾಲೂ ನಿನ್ನ ಯಾಕ ತಗದ್ರು?”

“ಕಲಿಸೂದು ಮುಗೀತಲ್ಲವಾ” ಎಂದೆ. “ಅದಕ್ಕ.”