ವ್ರತವೀರನ ವೇಷ ಕಟ್ಟಿದ ಸಾವಕಾರರು

ತೊಂಬತ್ತರ ದಶಕದಲ್ಲಿ ನಾನು ಗೋಕಾಕದಲ್ಲಿದ್ದುಕೊಂಡು ಸುತ್ತಲಿನ ಹಳ್ಳಿಗಳ ಹವ್ಯಾಸಿ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದೆ. ಗಂಡು ಪಾತ್ರಗಳಿಗೆ ಊರವರೇ ಇರುತ್ತಿದ್ದರು, ಹೆಣ್ಣಿನ ಪಾತ್ರಕ್ಕೆ ಮಾತ್ರ ನಮ್ಮಂಥ ಹೆಂಗಸರನ್ನು ಕರೆಸುತ್ತಿದ್ದರು. ಕೌಜಲಗಿಯಲ್ಲಿ ಸೊಸೆಯಾದರೆ ಹತ್ತರಗಿಯಲ್ಲಿ ರಾಣಿ. ಮಾತು ಬಾಯಿಪಾಠ ಮಾಡಿಕೊಂಡು ಹೋಗುವುದು, ಕುಣಿಯುವ ಹಾಡು ಬಂದಾಗ ಕುಣಿಯುವುದು, ಬೆಳಗಿನ ಬಸ್ಸಿಗೆ ಊರಿಗೆ ಮರಳುವುದು. ಪಾತ್ರ ಎಂಬುದರ ಬಗ್ಗೆ ಅದಕ್ಕಿಂತ ಹೆಚ್ಚು ಯೋಚಿಸುವ ಕಾರಣವೇ ಬಂದಿರಲಿಲ್ಲ.

ಒಂದು ವರ್ಷ ಮೂಡಲಗಿಯಿಂದ ಕರೆ ಬಂತು. ಅಲ್ಲಿನ ಸಾಲಿ ಮಾಸ್ತರರೊಬ್ಬರು ತಾವೇ ಒಂದು ನಾಟಕ ಬರೆದಿದ್ದರು. ಅದರ ನಾಯಕ ಒಬ್ಬ ಯೋಧ. ಮುನಿಗಳ ಮುಂದೆ ಅವನು ವ್ರತ ತೊಟ್ಟಿರುತ್ತಾನೆ: ಸುಳ್ಳಾಡುವುದಿಲ್ಲ, ಕೈಯಲ್ಲಿ ಆಯುಧವಿಲ್ಲದವನ ಮೇಲೆ ಕತ್ತಿ ಎತ್ತುವುದಿಲ್ಲ, ಆಶ್ರಯ ಬೇಡಿ ಬಂದವರನ್ನು ಬಿಟ್ಟುಕೊಡುವುದಿಲ್ಲ. ನನ್ನದು ವೈರಿ ರಾಜನ ಮನೆಯಿಂದ ತಪ್ಪಿಸಿಕೊಂಡು ಅವನಲ್ಲಿಗೆ ಓಡಿ ಬರುವ ರಾಜಕುಮಾರಿಯ ಪಾತ್ರ.

ಯೋಧನ ಪಾತ್ರ ಹಾಕಿದವರು ಊರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಜೈನ ಸಾವಕಾರರು. ನಲವತ್ತು ದಾಟಿದ ಎತ್ತರದ ಆಳು, ಗಟ್ಟಿ ಧ್ವನಿ. ಅಂಗಡಿಯ ಹಿಂದಿನ ಖೋಲಿಯಲ್ಲಿ ಮಧ್ಯಾಹ್ನ ತಾಲೀಮು ನಡೆಯುತ್ತಿತ್ತು. ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಅವರು ಊಟಕ್ಕೆ ಏಳಬೇಕು, ಹಾಗಾಗಿ ನಮಗೂ ಅಷ್ಟರಲ್ಲೇ ಬಿಡುವು.

ಮೊದಮೊದಲು ಅವರ ವ್ರತವೀರನನ್ನು ನೋಡಲಾಗುತ್ತಿರಲಿಲ್ಲ. ಎದೆ ಸೆಟೆಸಿ, ಬೆರಳೆತ್ತಿ ಎಲ್ಲರಿಗೂ ಬುದ್ಧಿ ಹೇಳುವುದೇ ಕೆಲಸ. ಹಾಸ್ಯದ ಕಳ್ಳನಿಗೂ ಬೈಗುಳ, ಮಂತ್ರಿಗೂ ಬೈಗುಳ. ತಾಲೀಮು ಮುಗಿದ ಮೇಲೂ ಪಾತ್ರ ಇಳಿಯುತ್ತಿರಲಿಲ್ಲ. ತಬಲಾದವನು ಬೀಡಿ ಹಚ್ಚಿದರೆ ಅವನಿಗೂ ಉಪದೇಶ. ನನಗೆ ತಡೆಯಲಾಗಲಿಲ್ಲ.

“ಸಾವಕಾರ್ರ, ಒಂದ್ ಮಾತ ಕೇಳ್ಲ್ಯಾ? ವ್ರತ ಯಾರ್ದ್ರಿ?”

“ಅವಂದ ಅಲ್ರಿ ಮತ್ತ!”

“ಹಂಗಾದ್ರ ಮಂದೀಗೆ ಯಾಕ ಬೈತಾನ?”

ಮಾಸ್ತರರು ಬಾಯಿಗೆ ಟಾವೆಲ್ ಅಡ್ಡ ಹಿಡಿದು ನಕ್ಕರು. ಸಾವಕಾರರಿಗೆ ಸಿಟ್ಟು ಬರಲಿಲ್ಲ. ಖರೇನೇ ತಿಳಿಯಬೇಕೆಂಬಂತೆ ಕೇಳಿದರು:

“ಅಕ್ಕಾರ, ಬೈಲಿಲ್ಲಂದ್ರ ಇಂವಗ ವ್ರತ ಐತಿ ಅಂತ ನೋಡೂ ಮಂದೀಗೆ ಹೆಂಗ ಗೊತ್ತಾಗಬೇಕ್ರಿ?”

“ಸುಳ್ಳ ಹೇಳಿದ್ರ ಜೀವ ಉಳೀತೈತಿ ಅನ್ನೂ ಹೊತ್ತಿನ್ಯಾಗ ಗೊತ್ತಾಗತೈತ್ರಿ. ಅವಗ ಅದು ಎಷ್ಟ್ ಭಾರ ಆಗೇತಿ ಅನ್ನೂದನ್ನ ನಾವು ನೋಡಬೇಕು. ನೀವು ಬರೇ ಬೆರಳ ತೋರಸ್ತೀರಿ.”

ಬಾಯಿಗೆ ಬಂದದ್ದನ್ನು ಹೇಳಿದ್ದೆ ಅಷ್ಟೆ. ಅವರು ಅದನ್ನು ಹಿಡಿದುಕೊಂಡರು. ನಾಟಕದಲ್ಲಿ ವೈರಿಯ ದಂಡಿನವರು ಬಾಗಿಲಿಗೆ ಬಂದು “ರಾಜಕುಮಾರಿ ಒಳಗಿದ್ದಾಳೆಯೇ?” ಎಂದು ಕೇಳುವ ಪ್ರವೇಶವೊಂದಿತ್ತು. ಇಲ್ಲ ಎಂದರೆ ಸುಳ್ಳು, ಇದ್ದಾಳೆ ಎಂದರೆ ಮನೆಗೆ ಬೆಂಕಿ. ಅಲ್ಲಿ ಮಾಸ್ತರರು ಉದ್ದನೆಯ ಭಾಷಣ ಬರೆದಿದ್ದರು. ಮರುದಿನ ಸಾವಕಾರರು ಅದನ್ನೆಲ್ಲ ಬಿಟ್ಟರು. ತಲೆ ತಗ್ಗಿಸಿ ತಮ್ಮ ಕೈ ನೋಡಿಕೊಂಡರು, ಉಗುಳು ನುಂಗಿದರು. “ಇದ್ದಾಳೆ. ಕೊಡುವುದಿಲ್ಲ,” ಎಂದರು. ಅಷ್ಟು ವರ್ಷ ಎಷ್ಟೋ ಜನರ ಜೊತೆ ಬಣ್ಣ ಹಚ್ಚಿದ್ದೆ, ಎದುರಿನವರ ಮಾತು ಕೇಳಿ ನನಗೆ ನನ್ನ ಮಾತು ಮರೆತದ್ದು ಅದೇ ಮೊದಲು.

ಪ್ರಯೋಗ ಮೂಡಲಗಿಯ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಮೊದಲೆರಡು ಅಂಕ, ನನ್ನ ಕುಣಿತದ ಹಾಡೂ ಸೇರಿ, ಚೆನ್ನಾಗಿಯೇ ನಡೆದವು. ಮೂರನೆಯದರಲ್ಲಿ ನಾನು ಓಡಿ ಬಂದು ಯೋಧನ ಕಾಲಿಗೆ ಬೀಳಬೇಕು. ಬಿದ್ದೆ. ಅವರು “ಏಳು ತಾಯಿ” ಎಂದು ಅಭಯ ಕೊಟ್ಟರು. ಆಗಲೇ ಮುಂದಿನ ಕುರ್ಚಿಯಲ್ಲಿದ್ದ ಊರಿನ ದೊಡ್ಡ ಮನುಷ್ಯನೊಬ್ಬ ಎದ್ದು ನಿಂತ.

“ಅಳೂದು ಸಾಕ! ಆ ಮೊದಲಿನ ಡ್ಯಾನ್ಸ್ ಮತ್ತೊಮ್ಮೆ ಆಗ್ಲಿ!”

ನಮಗೆ ಇದು ಹೊಸದಲ್ಲ. ಅಳುವ ಪ್ರವೇಶದ ನಡುವೆ ಕುಣಿದು, ಮತ್ತೆ ಅಳುವಲ್ಲಿಗೆ ಬಂದು ನಿಂತದ್ದು ಎಷ್ಟೋ ಸಲ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಹಾಡಿನ ಸ್ವರ ಹಿಡಿದೇ ಬಿಟ್ಟರು. ನಾನು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಸಾವಕಾರರು ನನ್ನ ಮುಂದೆ ಬಂದು ನಿಂತರು.

“ಈಕೆ ನನ್ನ ಆಶ್ರಯ ಬೇಡಿ ಬಂದವಳು. ನಾನಿರುವ ತನಕ ಈಕೆಯನ್ನು ಯಾರೂ ಕುಣಿಸಕೂಡದು.”

ಇದೂ ನಾಟಕದ ಮಾತೇ ಇರಬೇಕೆಂದು ಜನ ಚಪ್ಪಾಳೆ ಹೊಡೆದರು. ಆ ಮನುಷ್ಯ ಮತ್ತೆ ಕೂಗಿದ. ಇವರು ಮತ್ತೆ ಅದನ್ನೇ ಹೇಳಿದರು, ಸಣ್ಣ ಧ್ವನಿಯಲ್ಲಿ, ನೇರ ಅವನನ್ನೇ ನೋಡಿ. ಆಗ ಎಲ್ಲರಿಗೂ ತಿಳಿಯಿತು. ಸಿಳ್ಳೆ, ಬೈಗುಳ, ಒಂದು ಕುರ್ಚಿ ರಂಗದ ಮೇಲೆ ಬಂದು ಬಿತ್ತು. ಪರದೆ ಇಳಿಸಿದರು. ನಾಲ್ಕನೆಯ ಅಂಕ ಆಗಲೇ ಇಲ್ಲ.

ಬಣ್ಣದ ಖೋಲಿಯಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. “ಯಾರ್ ಕೇಳಿದ್ರ್ರೀ ನಿಮ್ಮನ್ನ? ನೀವು ನಾಳೆ ಅಂಗಡಿ ತೆಗೀತೀರಿ. ನನ್ನ ಇನ್ನ ಈ ಕಡೆ ಯಾರ ಕರೀತಾರ್ರಿ?” ಅವರು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಇದ್ದರು.

ನಾನು ಹೇಳಿದಂತೆಯೇ ಆಯಿತು. ಆ ಸೀಮೆಯಿಂದ ಮುಂದೆ ನನಗೆ ಕರೆ ಬರಲಿಲ್ಲ. ಗೋಕಾಕದ ಓಣಿಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡೆ, ಹುಕ್ಕೇರಿ ಕಡೆಯಿಂದ ಕರೆದಾಗಷ್ಟೇ ಹೋಗುತ್ತಿದ್ದೆ. ಅವರಿಗೂ ಅಂಗಡಿ ತೆಗೆಯುವುದು ಹಗುರವಾಗಲಿಲ್ಲವಂತೆ. ಆ ಹಳ್ಳಿಯ ಗಿರಾಕಿಗಳು ಬೇರೆ ಅಂಗಡಿ ಹತ್ತಿದರು. ಅಣ್ಣತಮ್ಮಂದಿರು ಕೂತು ಇನ್ನು ಬಣ್ಣ ಹಚ್ಚಬಾರದೆಂದು ಅವರಿಂದ ಮಾತು ತೆಗೆದುಕೊಂಡರು. ಮಾತು ಕೊಟ್ಟ ಮೇಲೆ ಅವರು ಮುರಿಯುವವರಲ್ಲ. ಮಾಸ್ತರರು ಆ ನಾಟಕವನ್ನು ಮತ್ತೆ ಎತ್ತಲಿಲ್ಲ. ಆ ಪಾತ್ರಕ್ಕೆ ಬೇರೆಯವರನ್ನು ಹಾಕಲು ಮನಸ್ಸು ಬರಲಿಲ್ಲ ಎಂದು ಯಾರ ಮುಂದೆಯೋ ಹೇಳಿದರಂತೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಸಾವಕಾರರು ಸಿಕ್ಕರು. ಕಣಗಲಾಕ್ಕೆ ಕೊಟ್ಟ ಮಗಳನ್ನು ನೋಡಲು ಹೊರಟಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು ಬಂದು ಪಕ್ಕದಲ್ಲಿ ಕೂತರು. ಸುಖದುಃಖ ಮುಗಿಯುವ ಮೊದಲೇ, ಇಷ್ಟು ವರ್ಷ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದವರ ಹಾಗೆ ಹೇಳಿದರು:

“ಅಕ್ಕಾರ, ಅವತ್ತ ಪಾತ್ರ ನಾ ತಪ್ಪ ಮಾಡಿದ್ನಿರಿ.”

“ಯಾಕ್ರಿ? ವ್ರತ ಹಂಗ ಇತ್ತಲ್ರಿ.”

“ಆಶ್ರಯ ಕೊಟ್ಟಂವ ಮೊದಲ ಆಕೀನ್ನ ಕೇಳಬೇಕಿತ್ತು. ನಿನಗೇನ್ ಬೇಕವ್ವಾ ಅಂತ. ನಾ ನನ್ನ ವ್ರತಾನ ನೋಡ್ಕೊಂಡ್ನಿ, ನಿಮ್ಮನ್ನ ನೋಡಲಿಲ್ಲ.”

“ಕೇಳಿದ್ರ ನಾ ಕುಣೀತೀನಿ ಅಂತಿದ್ದೆ. ಆಗ ಏನ್ ಮಾಡ್ತಿದ್ರಿ?”

ಅವರು ತಲೆ ತಗ್ಗಿಸಿ ತಮ್ಮ ಕೈ ನೋಡಿಕೊಂಡರು. “ಬಾಜೂಕ ಸರೀತಿದ್ನಿ. ಕಣ್ಣ ಕೆಳಗ ಹಾಕಿ ನಿಂದರ್ತಿದ್ನಿ.”

ಇದ್ದದ್ದನ್ನು ಹೇಳಿದೆ. ಸಿಟ್ಟು ಬಂದದ್ದು ಖರೆ, ಹೊಟ್ಟೆಯ ಚಿಂತೆಯಾದದ್ದೂ ಖರೆ. ಆದರೆ ರಂಗದ ಮೇಲೆ ಯಾರಾದರೂ ನನಗೆ ಅಡ್ಡ ನಿಂತದ್ದು ಅದೊಂದೇ ಸಲ, ಅವತ್ತು ಒಳಗೊಳಗೇ ಹಿಗ್ಗಿದ್ದೆ, ನಿಮ್ಮ ಪಾತ್ರ ತಪ್ಪಿರಲಿಲ್ಲ ಎಂದೆ. ಅವರು ಅಲ್ಲವೆಂದು ತಲೆಯಾಡಿಸಿದರು. “ನಿಮ್ಮ ಅನ್ನಕ್ಕ ಕಲ್ಲ ಹಾಕಿದ್ನಿ, ಅಷ್ಟ ಖರೆ,” ಎಂದರು. ಕಣಗಲಾ ಬಸ್ಸು ಬಂತು. ಮೊಮ್ಮಕ್ಕಳಿಗೆಂದು ಕಟ್ಟಿಸಿಕೊಂಡಿದ್ದ ಬಾಳೆಹಣ್ಣಿನ ಚಿಪ್ಪಿನಲ್ಲಿ ಅರ್ಧ ಮುರಿದು ನನ್ನ ಚೀಲದಲ್ಲಿಟ್ಟು ಹತ್ತಿದರು. ನಾನು ಸಿಟ್ಟನ್ನೂ ಹೇಳಿದ್ದೆ, ಹಿಗ್ಗನ್ನೂ ಹೇಳಿದ್ದೆ; ಸಿಟ್ಟಿನದಷ್ಟೇ ಅವರಿಗೆ ಕೇಳಿಸಿತ್ತು.